ಹಂಚಿನ ಚೂರಿನ ಮೇಲೆ ಮೊದಲ ಚಮಚ

ಭಟ್ಟರ ಬಲಗೈಯಲ್ಲಿ ಮೊಣಕೈಯವರೆಗೆ ಒಂದು ಕೂದಲೂ ಇರಲಿಲ್ಲ. ಎಡಗೈಯಲ್ಲಿ ಮಾತ್ರ ಕರಡಿಯ ಮೈಯಂತೆ ದಟ್ಟವಾಗಿತ್ತು. ಎರಡೂ ಕೈಗಳನ್ನು ಮೇಜಿನ ಮೇಲೆ ಜೋಡಿಸಿ ಕೂತರೆ, ಇಬ್ಬರು ಬೇರೆ ಬೇರೆ ಗಂಡಸರಿಂದ ಒಂದೊಂದು ಕೈ ಎರವಲು ತಂದವರ ಹಾಗೆ ಕಾಣುತ್ತಿದ್ದರು. ಮೊದಲ ಸಲ ನೋಡಿದಾಗ ನಾನು ನಕ್ಕುಬಿಟ್ಟೆ. ಅವರಿಗೆ ಸಿಟ್ಟು ಬರಲಿಲ್ಲ. ಬಲಗೈಯನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ತೋರಿಸಿ, "ಈ ಕೈಗೆ ಬೆಂಕಿಯೇ ಕ್ಷೌರ ಮಾಡ್ತದೆ ಮಾರಾಯ್ತಿ. ಎಡಗೈಯ ಸರದಿ ಇನ್ನೂ ಬರ್ಲಿಲ್ಲ" ಎಂದರು.

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಕಾಂದಿವಲಿ ಸ್ಟೇಷನ್ನಿನಿಂದ ಸ್ವಲ್ಪ ದೂರ ನಡೆದರೆ, ಹುಲ್ಲು ಬೆಳೆದ ಬಯಲಿನ ಅಂಚಿನಲ್ಲಿ ಮಂಗಳೂರು ಹಂಚು ಹೊದಿಸಿದ ಒಂದು ಶೆಡ್ಡಿತ್ತು. ಅಲ್ಲಿ ನಾವು ರೇಡಿಯೊಗಳಿಗೆ ಬೇಕಾಗುವ ಚಿಕ್ಕ ಟ್ರಾನ್ಸ್‌ಫಾರ್ಮರುಗಳನ್ನು ಮಾಡುತ್ತಿದ್ದೆವು. ನಾನು ಧಾರವಾಡದವಳು. ಅಣ್ಣನಿಗೆ ಮುಂಬಯಿಯಲ್ಲಿ ನೌಕರಿಯಾದ ಮೇಲೆ ಅಮ್ಮನ ಜೊತೆ ಬಂದು ಸಾಂತಾಕ್ರೂಜಿನ ಚಾಳಿನಲ್ಲಿ ನೆಲೆಸಿದ್ದೆ. ಮೆಟ್ರಿಕ್ ಮುಗಿಸಿ ಮನೆಯಲ್ಲಿ ಸುಮ್ಮನೆ ಕೂರಲಾರದೆ ಈ ಕಾರ್ಖಾನೆ ಸೇರಿ, ಕೂದಲೆಳೆಯಷ್ಟು ಸಣ್ಣ ತಾಮ್ರದ ತಂತಿಯನ್ನು ಸುರುಳಿ ಸುತ್ತುವ ಕೆಲಸ ಹಿಡಿದಿದ್ದೆ.

ಮುಂಬಯಿಯ ಮಳೆಗಾಲಕ್ಕೆ ಆ ತಂತಿಯನ್ನು ಕಂಡರೆ ಆಗುತ್ತಿರಲಿಲ್ಲ. ಗಾಳಿಯ ತೇವ ಒಳಗೆ ನುಸುಳಿ, ತಂತಿ ಹಸಿರುಗಟ್ಟಿ, ಒಂದು ಕಡೆ ತುಂಡಾದರೆ ರೇಡಿಯೊ ಮೂಕ. ಅದಕ್ಕಾಗಿ ಸುತ್ತಿ ಮುಗಿಸಿದ ಟ್ರಾನ್ಸ್‌ಫಾರ್ಮರನ್ನು ತಗಡಿನ ಪುಟ್ಟ ಡಬ್ಬಿಯಲ್ಲಿ ಕೂರಿಸಿ, ಮೇಣವನ್ನೋ, ಪಿಚ್ ಎನ್ನುವ ಡಾಂಬರಿನಂಥ ಕಪ್ಪು ಪದಾರ್ಥವನ್ನೋ ಕರಗಿಸಿ ಸುತ್ತಲೂ ಹೊಯ್ಯುತ್ತಿದ್ದರು. ಅದು ಆರಿ ಗಟ್ಟಿಯಾದರೆ ನೀರಿಗೆ ಒಳಗೆ ದಾರಿಯಿಲ್ಲ. ಆ ಹೊಯ್ಯುವ ಕೆಲಸ ಭಟ್ಟರದು.

ಅವರು ಮೂಲತಃ ಉಡುಪಿ ಕಡೆಯ ಅಡುಗೆಯವರು. ಮದುವೆ ಮುಂಜಿಗಳಲ್ಲಿ ಊರಿಗೆ ಊರೇ ಕೂತು ಉಣ್ಣುವಂಥ ಸಮಾರಾಧನೆಗಳ ಭಟ್ಟರು. ಮುಂಬಯಿಗೆ ಬಂದಾಗ ಸಾಂತಾಕ್ರೂಜಿನ ಒಂದು ಹೋಟೆಲಿನವರು ಅವರನ್ನು ಕೆಲಸಕ್ಕಿಟ್ಟುಕೊಂಡು ದೋಸೆಯ ಕಾವಲಿಯ ಮುಂದೆ ನಿಲ್ಲಿಸಿದರು. ಭಟ್ಟರಿಗೆ ಅದಕ್ಕಿಂತ ದೊಡ್ಡ ಅವಮಾನವಿರಲಿಲ್ಲ. "ಒಂದೊಂದಾಗಿ ಹೊಯ್ಯುವುದು ಅಡುಗೆಯಾ? ಅದು ಪೋಸ್ಟಾಫೀಸಿನಲ್ಲಿ ಮುದ್ರೆ ಒತ್ತುವ ಕೆಲಸ" ಎಂದು ಆಮೇಲೂ ನಮ್ಮೆದುರು ಎಷ್ಟೋ ಸಲ ಮೂಗು ಮುರಿಯುತ್ತಿದ್ದರು. ಒಂದು ತಿಂಗಳು ಹಲ್ಲು ಕಚ್ಚಿ ನಿಂತು, ಒಂದು ಬೆಳಿಗ್ಗೆ ಊರಿನಿಂದ ತಂದಿದ್ದ ತಮ್ಮ ಉದ್ದ ಹಿಡಿಯ ಹಿತ್ತಾಳೆ ಸೌಟನ್ನು ಹೆಗಲಿಗೇರಿಸಿ ಹೊರಟೇಬಿಟ್ಟರಂತೆ. ಅದೇ ಹೋಟೆಲಿನಲ್ಲಿ ತಿಂಡಿ ತಿನ್ನುತ್ತ ಕೂತಿದ್ದ ನಮ್ಮ ಯಜಮಾನರು ಕೈ ತೊಳೆಯುವುದನ್ನೂ ಮರೆತು ಹಿಂದೆ ಓಡಿದರು. ಯಜಮಾನರು ಬೆಳಗಾವಿಯವರು, ನಾವೆಲ್ಲ ಸಾಹೇಬರು ಎನ್ನುತ್ತಿದ್ದೆವು.

"ಭಟ್ರ, ನನ್ನ ಹತ್ರ ಒಂದ ದೊಡ್ಡ ಕಡಾಯಿ ಐತಿ. ಬಂದು ನೋಡ್ತೀರೇನು?"

"ಕಡಾಯಿಯಲ್ಲಿ ಎಂತ ಉಂಟು?"

"ಡಾಂಬರ."

ಭಟ್ಟರು ಬಂದು ನೋಡಿದರು. ಅಲ್ಲಿಯವರೆಗೆ ಆ ಕೆಲಸ ಮಾಡುತ್ತಿದ್ದವರು ಭರ್ರನೆ ಉರಿ ಹಾಕಿ ಪಿಚ್ಚನ್ನು ಕೊತಕೊತ ಕುದಿಸುತ್ತಿದ್ದರು. ಶೆಡ್ಡಿನ ತುಂಬ ಹೊಗೆ, ಡಬ್ಬಿಗಳ ತುಂಬ ಗುಳ್ಳೆ. ಗುಳ್ಳೆ ಇದ್ದಲ್ಲಿ ನೀರು ಸೇರುತ್ತದೆ. ಭಟ್ಟರು ಒಲೆಯಿಂದ ಎರಡು ಕೊಳ್ಳಿ ಹೊರಗೆಳೆದು, "ಇದನ್ನು ಹುರಿಯುವುದಲ್ಲ, ಕಾಯಿಸುವುದು" ಎಂದು ಶರ್ಟು ಬಿಚ್ಚಿ ಗೂಟಕ್ಕೆ ನೇತುಹಾಕಿದರು. ಅಂದಿನಿಂದ ಆ ಗೂಟ ಅವರದಾಯಿತು.

ಅವರಿಗೆ ಟ್ರಾನ್ಸ್‌ಫಾರ್ಮರುಗಳೆಂದರೆ ಊಟಕ್ಕೆ ಕೂತ ಅತಿಥಿಗಳು. ಹಲಗೆಗಳ ಮೇಲೆ ಡಬ್ಬಿಗಳನ್ನು ಎಡ ಪಂಕ್ತಿ, ಬಲ ಪಂಕ್ತಿ ಎಂದು ಸಾಲಾಗಿ ಕೂರಿಸಬೇಕು. ನಡುವೆ ಅವರು ಒಂದು ಕೈಯಲ್ಲಿ ಪಾತ್ರೆ, ಇನ್ನೊಂದರಲ್ಲಿ ಸೌಟು ಹಿಡಿದು ಬಾಗಿ ನಡೆಯುತ್ತಿದ್ದರು. ಒಂದು ಹನಿ ಹೊರಗೆ ಬಿದ್ದದ್ದನ್ನು ನಾನು ಕಂಡಿಲ್ಲ. ಪಿಚ್ಚು ಆರುತ್ತ ಆರುತ್ತ ನಡುವೆ ಕುಸಿಯುತ್ತದೆ, ಮತ್ತೊಮ್ಮೆ ತುಂಬಬೇಕಾಗುತ್ತದೆ. ಆ ಎರಡನೆಯ ಸುತ್ತಿನಲ್ಲಿ ಪ್ರತಿ ಡಬ್ಬಿಯ ಮುಂದೆಯೂ ನಿಂತು "ಇನ್ನು ಸ್ವಲ್ಪ? ಸಂಕೋಚ ಬೇಡ" ಎಂದು ಉಪಚಾರ ಮಾಡುತ್ತಿದ್ದರು. ನಾವು ಸುರುಳಿ ಸುತ್ತುವ ಹೆಂಗಸರು ನಕ್ಕು ನಕ್ಕು ಎಣಿಕೆ ತಪ್ಪುತ್ತಿದ್ದೆವು. ಆಗ ಮಾತ್ರ ಗದರುತ್ತಿದ್ದರು. "ಬಡಿಸುವಾಗ ಯಾರೂ ಮಾತಾಡ್ಬೇಡಿ. ಮಾತಿನ ಗಾಳಿ ಒಳಗೆ ಸೇರ್ತದೆ!"

ಇನ್ನೊಂದು ಪದ್ಧತಿ ಇತ್ತು. ಪಾತ್ರೆ ಒಲೆಯಿಂದ ಇಳಿದ ಕೂಡಲೇ ಮೊದಲ ಒಂದಿಷ್ಟನ್ನು ಕಿಟಕಿಯ ಕಟ್ಟೆಯ ಮೇಲಿದ್ದ ಹಂಚಿನ ಚೂರಿಗೆ ಹಾಕಿ, ಕಣ್ಣು ಮುಚ್ಚಿ ಕೈಮುಗಿಯುತ್ತಿದ್ದರು. ಅದು ಅಗ್ನಿಗೆ. ಅಡುಗೆ ಮನೆಯಲ್ಲಿ ಮಾಡುತ್ತಿದ್ದುದನ್ನೇ ಇಲ್ಲೂ ಮುಂದುವರಿಸಿದ್ದರು. "ಭಟ್ರ, ಅಗ್ನಿದೇವ ಡಾಂಬರ ತಿಂತಾನೇನ್ರೀ?" ಎಂದು ನಾನು ಕೆಣಕಿದರೆ, "ಅವನು ಎಂತದ್ದೂ ಬಿಡುವವನಲ್ಲ. ನಿನ್ನ ಹಾಗೆ ಆರಿಸಿ ತಿನ್ನುವವನಲ್ಲ" ಎನ್ನುತ್ತಿದ್ದರು. ಮಧ್ಯಾಹ್ನ ನನ್ನ ಬುತ್ತಿಯಲ್ಲಿ ನಾನು ಕರಿಬೇವನ್ನು ಪಕ್ಕಕ್ಕಿಡುವುದನ್ನು ಅವರು ನೋಡಿದ್ದರು, ಅದನ್ನು ಜೀವಮಾನವಿಡೀ ಮರೆಯಲಿಲ್ಲ.

ಒಲೆಯ ಸುತ್ತ ನೆಲದ ಮೇಲೆ ಒಂದು ಸುಣ್ಣದ ಗೆರೆ ಎಳೆದಿದ್ದರು. ಸೀರೆಯವರು ಅದನ್ನು ದಾಟುವಂತಿರಲಿಲ್ಲ. ಸೆರಗಿಗೆ ಬೆಂಕಿ ತಗುಲೀತು ಎಂಬ ಭಯ. ನನಗೋ ಇಡೀ ದಿನ ಕೂತು ಸುತ್ತಿದ ತಂತಿ ಕೊನೆಗೆ ಹೇಗೆ ಮುಚ್ಚಿಹೋಗುತ್ತದೆ ಎಂದು ಹತ್ತಿರದಿಂದ ನೋಡುವ ಆಸೆ. ಗೆರೆಯ ತುದಿಗೆ ಹೆಬ್ಬೆರಳು ತಾಗಿಸಿ ನಿಲ್ಲುತ್ತಿದ್ದೆ. "ಹೆಬ್ಬೆರಳು!" ಎಂದು ಅವರು ತಿರುಗಿಯೂ ನೋಡದೆ ಕೂಗುತ್ತಿದ್ದರು.

ಹೀಗೆ ಸುಖವಾಗಿ ನಡೆಯುತ್ತಿದ್ದಾಗ ಪಿಚ್ಚೇ ನಮಗೆ ಕೈಕೊಟ್ಟಿತು. ಮೀನುಗಾರರ ಲಾಂಚುಗಳಿಗೆ ರೇಡಿಯೊ ಕೂರಿಸುವ ಒಬ್ಬ ಗಿರಾಕಿ ಇದ್ದ. ಬೇಸಿಗೆಯ ಬಿಸಿಲಿಗೆ ಲಾಂಚಿನ ಮೇಲೆ ನಮ್ಮ ಪಿಚ್ಚು ಮೆತ್ತಗಾಗಿ, ಡಬ್ಬಿಯಿಂದ ಇಳಿದು, ಅವನ ಬಿಳಿಯ ಪ್ಯಾಂಟಿನ ಮೇಲೆ ತೊಟ್ಟಿಕ್ಕಿತು. ಅದೇ ಪ್ಯಾಂಟು ತೊಟ್ಟುಕೊಂಡು ಅವನು ಕಾಂದಿವಲಿಗೆ ಬಂದ. ಬಿಸಿಲಿಗೆ ಕರಗದ, ಉಪ್ಪುನೀರಿಗೆ ಜಗ್ಗದ ಟ್ರಾನ್ಸ್‌ಫಾರ್ಮರುಗಳನ್ನು ಮಳೆಗಾಲದೊಳಗೆ ಕೊಡದಿದ್ದರೆ ಬೇರೆಯವರ ಹತ್ತಿರ ಹೋಗುತ್ತೇನೆಂದು ಹೇಳಿ ಹೋದ.

ಸಾಹೇಬರು ಯಾರ್‍ಯಾರನ್ನೋ ಹಿಡಿದು ಪರದೇಶದಿಂದ ಎರಡು ಡಬ್ಬಿ ತರಿಸಿದರು. ದೊಡ್ಡದರಲ್ಲಿ ಜೇನುತುಪ್ಪದಂಥ ರೆಸಿನ್, ಚಿಕ್ಕದರಲ್ಲಿ ಅದನ್ನು ಗಟ್ಟಿ ಮಾಡುವ ತೆಳ್ಳನೆಯ ದ್ರವ. ಒಲೆ ಬೇಡ, ಬೆಂಕಿ ಬೇಡ. ಎರಡನ್ನೂ ಬೆರೆಸಿ ಹೊಯ್ದರೆ ತಾನಾಗಿ ಕಲ್ಲಾಗುತ್ತದೆ, ಮತ್ತೆ ಎಂದೂ ಕರಗುವುದಿಲ್ಲ ಎಂದು ಸಾಹೇಬರು ವರ್ಣಿಸುತ್ತಿದ್ದರೆ ಭಟ್ಟರ ಮುಖ ಚಿಕ್ಕದಾಯಿತು. ಒಲೆಯೇ ಇಲ್ಲದ ಮೇಲೆ ಒಲೆಯ ಮುಂದೆ ನಿಲ್ಲುವವನಿಗೆ ಏನು ಕೆಲಸ? ಆದರೆ ಅವರು ಸೋಲುವ ಜಾತಿಯವರಲ್ಲ. ಚಿಕ್ಕ ಡಬ್ಬಿಯನ್ನು ಮೂಸಿ ನೋಡಿ, ತಲೆ ಕೊಡವಿ, ನಕ್ಕರು.

"ಗೊತ್ತಾಯಿತು. ದೊಡ್ಡದು ಹಾಲು, ಚಿಕ್ಕದು ಹೆಪ್ಪು."

ಸಾಹೇಬರಿಗೂ ಈ ಹೋಲಿಕೆ ಬಹಳ ಹಿಡಿಸಿತು. "ಬರೋಬರಿ ಹೇಳಿದ್ರಿ ನೋಡ್ರಿ!" ಎಂದು ತೊಡೆ ತಟ್ಟಿದರು. ನಮಗೆಲ್ಲ ಅರ್ಥವಾದಂತಾಯಿತು. ಅನರ್ಥ ಶುರುವಾದದ್ದು ಅಲ್ಲಿಂದಲೇ.

ಆ ದಿನ ಭಟ್ಟರು ಸ್ನಾನ ಮಾಡಿ ಹೊಸ ಪಂಚೆ ಉಟ್ಟು ಬಂದರು. ಪಂಕ್ತಿಗಳು ಸಿದ್ಧವಾದವು. ರೆಸಿನ್ನಿನ ಅರ್ಧದಷ್ಟನ್ನು ಒಂದೇ ದೊಡ್ಡ ಪಾತ್ರೆಗೆ ಸುರಿದು, ಗಟ್ಟಿಯಾಗಿದೆಯೆಂದು ಉಗುರು ಬೆಚ್ಚಗೆ ಮಾಡಿಕೊಂಡರು. ಸಾಹೇಬರು ಚಿಕ್ಕ ಡಬ್ಬಿಯ ದ್ರವವನ್ನು ಅಳೆದು ಕೊಟ್ಟರು. ಭಟ್ಟರು ಸೌಟಿನಿಂದ ನಯವಾಗಿ ತಿರುವಿದರು. ಹೊಸ ಅಡುಗೆಗೆ ಹೊಸ ಎಲೆ ಬೇಕೆಂದು ಹಂಚಿನ ಹೊಸ ಚೂರೊಂದನ್ನು ತೊಳೆದಿಟ್ಟಿದ್ದರು. ಅದರ ಮೇಲೆ ಅಗ್ನಿಯ ಪಾಲನ್ನು ಇಟ್ಟು ಕೈಮುಗಿದರು. ಆಮೇಲೆ ಹೆಪ್ಪು ಹಾಕಿದ ಯಾವ ಗೃಹಸ್ಥನೂ ಮಾಡುವುದನ್ನೇ ಮಾಡಿದರು. ಸೌಟನ್ನು ಒಳಗೇ ಬಿಟ್ಟು ಪಾತ್ರೆಗೆ ತಟ್ಟೆ ಓರೆಯಾಗಿ ಮುಚ್ಚಿ, ಸುತ್ತಲೂ ಗೋಣಿಚೀಲ ಸುತ್ತಿ, ಬೆಚ್ಚಗೆ ಮೂಲೆಯಲ್ಲಿಟ್ಟರು. "ಸ್ವಲ್ಪ ಕೂಡಿಕೊಳ್ಳಲಿ. ಅಷ್ಟರಲ್ಲಿ ಕಾಫಿ ಕುಡಿಯುವ."

ಕಾಫಿ ಅರ್ಧವೂ ಆಗಿರಲಿಲ್ಲ. ಮೂಲೆಯಿಂದ ಚುರ್ ಎಂದು ಸದ್ದು ಬಂತು. ಗೋಣಿಚೀಲದ ಎಳೆಗಳಿಂದ ಹೊಗೆ ಏಳುತ್ತಿತ್ತು. ಭಟ್ಟರು ಓಡಿಹೋಗಿ ಚೀಲ ಎಳೆದರು. ಪಾತ್ರೆಯೊಳಗೆ ಆ ಜೇನುತುಪ್ಪ ಕಂದುಬಣ್ಣಕ್ಕೆ ತಿರುಗಿ ನೊರೆಯುಕ್ಕಿಸುತ್ತ ತಾನಾಗಿ ಕುದಿಯುತ್ತಿತ್ತು. ಕೆಳಗೆ ಬೆಂಕಿಯ ಸುಳಿವೇ ಇಲ್ಲ! ಘಾಟಿಗೆ ನಾವೆಲ್ಲ ಸೆರಗು ಮೂಗಿಗೆ ಹಿಡಿದು ಅಂಗಳಕ್ಕೆ ಓಡಿದೆವು. ಹೊಗೆ ಇಳಿದ ಮೇಲೆ ಒಳಗೆ ಬಂದು ನೋಡಿದರೆ, ಸೀದ ಹಲ್ವದಂಥ ಒಂದು ಬಂಡೆ. ಅದರ ನಡುವೆ ಭಟ್ಟರ ಹಿತ್ತಾಳೆ ಸೌಟು ಧ್ವಜಸ್ತಂಭದ ಹಾಗೆ ನೆಟ್ಟಗೆ ನಿಂತಿತ್ತು. ಭಟ್ಟರು ಹಿಡಿದು ಎಳೆದರು. ಸೌಟಿನ ಜೊತೆ ಪಾತ್ರೆಯೇ ಎದ್ದು ಬಂತು.

ಯಾರೋ ನಕ್ಕರು. ಸಾಹೇಬರು ನಗಲಿಲ್ಲ. ಅರ್ಧ ಮಾಲು ಹೋಗಿತ್ತು, ಮತ್ತೆ ತರಿಸಲು ಹೊತ್ತಿರಲಿಲ್ಲ, ಆಕಾಶದಲ್ಲಿ ಆಗಲೇ ಮೋಡ. "ಭಟ್ರ, ಇದು ನಿಮ್ಮ ಕೈಲಿ ಆಗೂದಲ್ಲ. ನಾಳಿಂದ ಬರಬ್ಯಾಡ್ರಿ. ಹೋಟೆಲ್ನ್ಯಾಗ ನಾ ಮಾತಾಡ್ತೀನಿ, ದ್ವಾಶಿ ಮಾಡ್ಕೋತ ಆರಾಮ ಇರ್ರಿ" ಎಂದರು. ಬೈದಿದ್ದರೆ ಭಟ್ಟರು ಸಹಿಸುತ್ತಿದ್ದರು. ದೋಸೆಯ ಹೆಸರೆತ್ತಿದ್ದು ಅವರಿಗೆ ತಾಗಿತು. ಗೂಟದಿಂದ ಶರ್ಟು ತೆಗೆದುಕೊಂಡು ಹೊರಟರು. ಆ ಸಂಜೆ ಲೋಕಲ್ ರೈಲಿನಲ್ಲಿ ನನಗೆ ಮನೆ ಸೇರುವುದೇ ಬೇಡವೆನಿಸಿತು. ಅಷ್ಟು ಸಂಕಟವಾಗಿತ್ತು.

ಮರುದಿನ ನಾನು ಶೆಡ್ಡಿಗೆ ಹೋದಾಗ ಭಟ್ಟರು ಅಂಗಳದಲ್ಲಿ ಕೂತು ಆ ಬಂಡೆಯನ್ನು ಉಳಿಯಿಂದ ಕುಟ್ಟುತ್ತಿದ್ದರು. "ಕೆಲಸಕ್ಕೆ ಬಂದದ್ದಲ್ಲ ಮಾರಾಯ್ತಿ, ಸೌಟಿಗೆ ಬಂದದ್ದು" ಎಂದರು. ಸೌಟು ಅಲುಗಾಡುವ ಲಕ್ಷಣವಿರಲಿಲ್ಲ. ಅವರಿಗೊಂದು ಸುತ್ತಿಗೆ ಹುಡುಕಿ ಕೊಡೋಣವೆಂದು ನಾನು ಒಳಗೆ ಹೋದೆ. ಒಲೆಯಲ್ಲಿ ಬೆಂಕಿ ಇರಲಿಲ್ಲ, ಬೇಡ ಎನ್ನುವವರೂ ಇರಲಿಲ್ಲ. ಮೊದಲ ಬಾರಿಗೆ ಆ ಸುಣ್ಣದ ಗೆರೆಯನ್ನು ದಾಟಿ ಕಿಟಕಿಯ ಹತ್ತಿರ ಹೋದೆ. ಕಟ್ಟೆಯ ಮೇಲೆ ನಿನ್ನೆಯ ಹಂಚಿನ ಚೂರು ಇತ್ತು. ಅದರ ಮೇಲಿದ್ದ ಅಗ್ನಿಯ ಪಾಲು ಸೀದಿರಲಿಲ್ಲ. ಒಂದು ಗುಳ್ಳೆಯಿಲ್ಲ, ಒಂದು ಬಿರುಕಿಲ್ಲ. ತುಪ್ಪದ ಬಣ್ಣಕ್ಕೆ ತಿಳಿಯಾಗಿ, ಕೆಳಗಿನ ಹಂಚಿನ ಕೆಂಪು ಕಾಣುವಂತಿತ್ತು. ಉಗುರಿನಿಂದ ಗೀರಿದೆ. ಉಗುರು ಜಾರಿತು.

ಅದನ್ನು ಎತ್ತಿಕೊಂಡು ಹೊರಗೋಡಿದೆ. "ಭಟ್ರ, ಇಲ್ಲಿ ನೋಡ್ರಿ! ಇದೂ ನಿನ್ನೆ ಅದೇ ಪಾತ್ರ್ಯಾಗಿಂದು. ಇದು ಹೆಂಗ ಇಷ್ಟ ಛಂದ ಕೂತದ?"

ಅವರು ಒಂದು ಕೈಯಲ್ಲಿ ಹಂಚಿನ ಚೂರು, ಇನ್ನೊಂದು ಕೈಯನ್ನು ಬಂಡೆಯ ಮೇಲೆ ಇಟ್ಟುಕೊಂಡು ಎರಡನ್ನೂ ಹೋಲಿಸಿ ನೋಡಿದರು. "ದೇವರಿಗೆ ಇಟ್ಟದ್ದು ಮಾತ್ರ ಸರಿಯಾದ್ದು" ಎಂದರು ಮೊದಲು. ನಾನು, "ದೇವರಿಗೆ ಇಟ್ಟಿದ್ದಕ್ಕ ಅಲ್ಲರೀ, ಸ್ವಲ್ಪ ಇಟ್ಟಿದ್ದಕ್ಕ" ಎಂದೆ. ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂದದ್ದು. ಭಟ್ಟರ ಹುಬ್ಬು ಮೇಲೇರಿತು. ಸಾಹೇಬರು ಬಂದದ್ದೇ ತಡ, ಮೂವರೂ ಸೇರಿ ಒಂದು ಚಮಚದಷ್ಟು ಬೆರೆಸಿ ತಟ್ಟೆಯಲ್ಲಿ ಹರಡಿದೆವು. ಅದು ತಣ್ಣಗೇ ಉಳಿಯಿತು. ಒಂದು ಲೋಟದಷ್ಟು ಬೆರೆಸಿಟ್ಟೆವು. ಲೋಟ ಮುಟ್ಟಲಾರದಷ್ಟು ಸುಟ್ಟಿತು. ಆಗ ತಿಳಿಯಿತು. ಈ ಪದಾರ್ಥ ಗಟ್ಟಿಯಾಗುವಾಗ ತನ್ನೊಳಗೇ ಬಿಸಿ ಹುಟ್ಟಿಸಿಕೊಳ್ಳುತ್ತದೆ. ಸ್ವಲ್ಪವಿದ್ದರೆ ಆ ಬಿಸಿ ಹೊರಗೆ ಹೋಗುತ್ತದೆ. ಒಟ್ಟಿಗೆ ರಾಶಿ ಹಾಕಿದರೆ ಹೋಗಲು ದಾರಿಯಿಲ್ಲದೆ ತನ್ನನ್ನೇ ಬೇಯಿಸಿಕೊಳ್ಳುತ್ತದೆ. ಅಂಥದ್ದಕ್ಕೆ ನಾವು ಗೋಣಿಚೀಲ ಬೇರೆ ಸುತ್ತಿದ್ದೆವು.

"ಅಂದ್ರ ಭಟ್ರ," ಎಂದರು ಸಾಹೇಬರು, "ಪಂಕ್ತಿ ನಡಿಯೂದಿಲ್ಲ. ಒಂದೊಂದ ಡಬ್ಬಿಗೆ ಬ್ಯಾರೆ ಬ್ಯಾರೆ ಕಲಸಬೇಕು, ಆಗಿಂದಾಗ ಹೊಯ್ಯಬೇಕು."

ಭಟ್ಟರು ಹಂಚಿನ ಚೂರನ್ನು ಕೆಳಗಿಟ್ಟರು.

"ಅಂದರೆ ದೋಸೆ."

"ಹೌದ್ರಿ."

"ಒಂದೊಂದಾಗಿ."

"ಹೌದ್ರಿ."

ಅವರು ಆಕಾಶ ನೋಡಿದರು. ಬಂಡೆಯಲ್ಲಿ ಸಿಕ್ಕಿಬಿದ್ದ ಸೌಟನ್ನು ನೋಡಿದರು. ದೋಸೆಯ ಕಾವಲಿಯಿಂದ ತಪ್ಪಿಸಿಕೊಂಡು ಕಾಂದಿವಲಿಯವರೆಗೆ ಬಂದ ಮನುಷ್ಯ, ಹೋದರೆ ಅಲ್ಲಿ ದೋಸೆ, ಇದ್ದರೆ ಇಲ್ಲಿ ದೋಸೆ. ನನಗೆ ಒಳಗೊಳಗೇ ಭಯ, ಎಲ್ಲಿ ಎದ್ದು ಹೋಗಿಬಿಡುತ್ತಾರೋ ಎಂದು. ಇದ್ದಕ್ಕಿದ್ದಂತೆ ಹೊಟ್ಟೆ ಕುಣಿಯುವಂತೆ ನಗತೊಡಗಿದರು. "ಆ ಹೋಟೆಲಿನವನ ಶಾಪ ಮಾರಾಯ್ತಿ! ಒಂದು ಚಿಕ್ಕ ಚಮಚ ತಾ" ಎಂದು ಎದ್ದು ಶರ್ಟು ಬಿಚ್ಚಿ ತಮ್ಮ ಗೂಟಕ್ಕೆ ನೇತುಹಾಕಿದರು. ಸಾಹೇಬರು ಆ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು.

ಆದರೆ ಚಿಕ್ಕ ಚಮಚ ಅವರ ಕೈಗೆ ಬಗ್ಗಲಿಲ್ಲ. ಉದ್ದ ಸೌಟಿಗೆ ಒಗ್ಗಿದ ಕೈಗೆ ಚಮಚದ ಅಳತೆ ಸಿಗಲಿಲ್ಲ, ರೆಸಿನ್ ಡಬ್ಬಿಯ ಹೊರಗೆ ಚೆಲ್ಲಿತು. ಇಷ್ಟು ವರ್ಷಗಳಲ್ಲಿ ಅವರ ಕೈಯಿಂದ ಚೆಲ್ಲಿದ್ದು ಅದೇ ಮೊದಲು. ಅವರು ಚಮಚವನ್ನು ನನ್ನತ್ತ ಚಾಚಿದರು.

"ನೀನು ಹೊಯ್ಯಿ. ಕೂದಲಿನಂಥ ತಂತಿ ಹಿಡಿಯುವ ಕೈ ನಿನ್ನದು. ನಾನು ಕಲಸಿ ಕೊಡ್ತೇನೆ."

ನಾನು ಅಭ್ಯಾಸಬಲದಿಂದ ಗೆರೆಯ ಹೊರಗೇ ನಿಂತಿದ್ದೆ. "ಭಟ್ರ, ಗೆರಿ..." ಎಂದೆ.

"ಬೆಂಕಿಯೇ ಇಲ್ಲದ ಮೇಲೆ ಗೆರೆ ಎಂತಕ್ಕೆ?" ಎಂದು ಅವರು ಕಾಲಿನಿಂದಲೇ ಅದನ್ನು ಒರೆಸಿಹಾಕಿದರು.

ಅವರು ಬಟ್ಟಲಿನಲ್ಲಿ ಒಂದು ಟ್ರಾನ್ಸ್‌ಫಾರ್ಮರಿಗಾಗುವಷ್ಟು ಕಲಸುವುದು, ನಾನು ಡಬ್ಬಿಯ ಒಂದು ಮೂಲೆಯಿಂದ ಎಳೆಯಾಗಿ ಇಳಿಸುವುದು. ಒಂದೇ ಮೂಲೆಯಿಂದ ಹೊಯ್ದರೆ ಒಳಗಿನ ಗಾಳಿ ಇನ್ನೊಂದು ಮೂಲೆಯಿಂದ ಹೊರಗೆ ಹೋಗುತ್ತದೆ ಎಂದು ಕಲಿಸಿದವರು ಅವರು. ನಾನು ಉಸಿರು ಬಿಗಿಹಿಡಿದು ಹೊಯ್ಯುತ್ತಿದ್ದರೆ, "ಉಸಿರಾಡು, ಉಸಿರಾಡು, ಮಾತು ಮಾತ್ರ ಬೇಡ" ಎನ್ನುತ್ತಿದ್ದರು. ಉಳಿದಿದ್ದ ಮಾಲು ಲಾಂಚಿನ ಗಿರಾಕಿಯ ಡಬ್ಬಿಗಳಿಗೆ ಸರಿಹೋಯಿತು, ಅಷ್ಟೇ.

ಗಿರಾಕಿ ಬಂದ. ಈ ಸಲ ಖಾಕಿ ಪ್ಯಾಂಟು. ಒಂದು ಟ್ರಾನ್ಸ್‌ಫಾರ್ಮರನ್ನು ಎರಡು ದಿನ ಬಿಸಿಲಿಗಿಟ್ಟು, ಆಮೇಲೆ ಉಪ್ಪುನೀರಿನ ಬಕೆಟ್ಟಿನಲ್ಲಿ ಮುಳುಗಿಸಿಟ್ಟಿದ್ದೆವು. ಅವನೆದುರೇ ಅದನ್ನು ನೀರಿನಿಂದೆತ್ತಿ, ತುದಿಗಳನ್ನು ಒರೆಸಿ, ರೇಡಿಯೊಗೆ ಜೋಡಿಸಿದೆವು. ಸಾಹೇಬರು ಗುಂಡಿ ತಿರುಗಿಸಿದರು. ಏನೂ ಇಲ್ಲ. ಆ ಕಾಲದ ವಾಲ್ವ್ ರೇಡಿಯೊ ಬಿಸಿಯಾಗಲು ಸ್ವಲ್ಪ ಹೊತ್ತು ಬೇಕೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತು, ಆದರೂ ನಾನು ಬಾಗಿ ರೇಡಿಯೊಗೆ ಕಿವಿ ಹಚ್ಚಿದೆ. ಭಟ್ಟರು ಹಂಚಿನ ಚೂರಿನತ್ತ ಮುಖ ಮಾಡಿ ತುಟಿ ಅಲ್ಲಾಡಿಸುತ್ತಿದ್ದರು. ಗರಗರ ಎಂದಿತು. ಆಮೇಲೆ ಒಂದು ಗಂಡು ಧ್ವನಿ ಸ್ಪಷ್ಟವಾದ ಮರಾಠಿಯಲ್ಲಿ, ಕರಾವಳಿಯಲ್ಲಿ ಭಾರಿ ಮಳೆಯಾಗುವ ಸಂಭವವಿದೆ ಎಂದು ಹೇಳಿತು.

"ಆಗಲಿ, ಆಗಲಿ, ನಮಗೆಂತ!" ಎಂದು ಭಟ್ಟರು ಕೂಗಿದರು. ಶೆಡ್ಡಿಗೆ ಶೆಡ್ಡೇ ನಕ್ಕಿತು. ಗಿರಾಕಿಯೂ ನಕ್ಕ.

ಸೌಟು ಕೊನೆಗೂ ಹೊರಗೆ ಬರಲಿಲ್ಲ. ಪಾತ್ರೆಯನ್ನು ಸೀಳಿ ತೆಗೆದು ಆ ಬಂಡೆಯನ್ನು ಶೆಡ್ಡಿನ ಬಾಗಿಲಿಗೆ ಒತ್ತಾಗಿ ಇಟ್ಟೆವು. ಮಳೆಗಾಳಿಗೆ ಬಾಗಿಲು ಬಡಿದುಕೊಳ್ಳುವುದು ನಿಂತಿತು. ಹೊಸಬರು ಯಾರಾದರೂ ಕೇಳಿದರೆ ಭಟ್ಟರೇ ಮುಂದೆ ಬಂದು, "ಅದು ನನ್ನ ಸೌಟು. ಯಾರಿಗೂ ಎರವಲು ಕೊಡುವ ಪ್ರಸಂಗವೇ ಇಲ್ಲ" ಎನ್ನುತ್ತಿದ್ದರು. ಅವರ ಬಲಗೈಯಲ್ಲಿ ಮೆಲ್ಲಗೆ ಕೂದಲು ಬೆಳೆಯತೊಡಗಿತು. ಎರಡೂ ಕೈ ಒಂದೇ ಮನುಷ್ಯನವು ಎಂದು ಕಾಣತೊಡಗಿದಾಗ ನಮಗೆಲ್ಲ ಏನೋ ಕಳೆದುಕೊಂಡಂತಾಯಿತು. ಅವರಿಗೂ ಆಗಿರಬೇಕು. ಆಗಾಗ ಆ ಕೈಯನ್ನು ಎತ್ತಿ ಅಪರಿಚಿತರನ್ನು ನೋಡುವ ಹಾಗೆ ನೋಡಿಕೊಳ್ಳುತ್ತಿದ್ದರು.

ನಾಲ್ಕಾರು ವರ್ಷ ನಾವಿಬ್ಬರೂ ಜೊತೆಯಲ್ಲಿ ಕೆಲಸ ಮಾಡಿದೆವು. ಆಮೇಲೆ ಕಣ್ಣು ಮಂಜಾಗಿ ಅವರು ಸಾಂತಾಕ್ರೂಜಿನ ತಮ್ಮ ಕೋಣೆಯಲ್ಲೇ ಉಳಿದರು. ಹೊಯ್ಯುವ ಮೇಜು ನನ್ನದಾಯಿತು, ಮುಂದೆ ಆ ಇಡೀ ವಿಭಾಗವೇ ನನ್ನ ಕೈಗೆ ಬಂತು. ಭಾನುವಾರ ನೋಡಲು ಹೋದರೆ ಭಟ್ಟರು ಮೊದಲು ಕೇಳುತ್ತಿದ್ದುದು, "ಅಗ್ನಿಗೆ ಇಡ್ತೀಯಾ?" ಎಂದು. ಇಡುತ್ತಿದ್ದೆ. ಪ್ರತಿ ಸಲ ಕಲಸಿದಾಗಲೂ ಮೊದಲ ಚಮಚ ಹಂಚಿನ ಚೂರಿನ ಮೇಲೆ. ಅದು ಸರಿಯಾಗಿ ಗಟ್ಟಿಯಾದರೆ ಡಬ್ಬಿಯೊಳಗಿನದೂ ಸರಿಯಾಗಿದೆ ಎಂದು ತಿಳಿಯುತ್ತಿತ್ತು. ಹೊಸದಾಗಿ ಬಂದ ಇಂಜಿನಿಯರರು ಅದನ್ನು ಸ್ಯಾಂಪಲ್ ಎಂದು ಕರೆದು ಮೆಚ್ಚಿಕೊಂಡರು. ನಾನೂ ಸ್ಯಾಂಪಲ್ ಎಂದೇ ಹೇಳಲು ಕಲಿತೆ. ಭಾನುವಾರ ನಾನು ಹೊರಡುವ ಮೊದಲು ಭಟ್ಟರು ಸ್ಟೋವ್ ಹಚ್ಚಿ ನನಗೆ ದೋಸೆ ಹೊಯ್ದು ಕೊಡುತ್ತಿದ್ದರು, ಒಂದೊಂದಾಗಿ, ಬಿಸಿಬಿಸಿಯಾಗಿ, ಕಾಣದ ಕಣ್ಣಿನಲ್ಲೂ ದುಂಡಗೆ. ಚಟ್ನಿಗೆ ಕರಿಬೇವು ಹಾಕುತ್ತಿರಲಿಲ್ಲ.

ಅವರು ತೀರಿಕೊಂಡ ಸುದ್ದಿ ಒಂದು ಬೆಳಿಗ್ಗೆ ಅವರ ಕೋಣೆಯ ಪಕ್ಕದವರು ಫೋನ್ ಮಾಡಿ ಹೇಳಿದಾಗ ನಾನು ರೆಸಿನ್ ಕಲಸಿಯಾಗಿತ್ತು. ಕಲಸಿದ್ದನ್ನು ಹಾಗೇ ಬಿಟ್ಟು ಹೋಗುವಂತಿಲ್ಲ, ಅದು ಯಾರ ದುಃಖಕ್ಕೂ ನಿಲ್ಲುವುದಿಲ್ಲ. ಫೋನ್ ಇಟ್ಟು ಮೇಜಿಗೆ ಬಂದೆ. ಕಣ್ಣು ತುಂಬಿ ಡಬ್ಬಿ ಎರಡೆರಡಾಗಿ ಕಾಣುತ್ತಿತ್ತು. ಸುತ್ತಲಿನ ಹುಡುಗಿಯರು ಮಾತು ನಿಲ್ಲಿಸಿದರು. ಮೊದಲ ಚಮಚವನ್ನು ಹಂಚಿನ ಚೂರಿನ ಮೇಲೆ ಇಳಿಸಿದೆ. ಆವತ್ತು ಅದನ್ನು ಅಗ್ನಿಗೆ ಇಡಲಿಲ್ಲ. "ಇನ್ನು ಸ್ವಲ್ಪ, ಭಟ್ರ? ಸಂಕೋಚ ಬ್ಯಾಡ್ರಿ" ಎಂದೆ, ಮತ್ತು ಇನ್ನೊಂದು ಚಮಚ ಹಾಕಿದೆ.